ಕುರ್ಚಿ ಉಳಿಯಿತು, ಗೋಡೆ ಬಿತ್ತು: ಮನಿಲಾ ಪ್ರಧಾನಾಲಯದ ಕಥೆ

ನವೆಂಬರ್ ತಿಂಗಳ ಅಧ್ಯಯನ ಪಾಠ

ನವೆಂಬರ್ 9ರಂದು ನಾವು ರೋಮಿನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠೆಯ ಹಬ್ಬವನ್ನು ಆಚರಿಸುತ್ತೇವೆ. ಸಂತರಿಗೆ ಹಬ್ಬ ಇರಲಿ, ಮಾತೆ ಮರಿಯಮ್ಮನವರಿಗೆ ಹಬ್ಬ ಇರಲಿ, ಕಟ್ಟಡಕ್ಕೇಕೆ ಹಬ್ಬ ಎಂದು ಧರ್ಮೋಪದೇಶ ತರಗತಿಯ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಲ್ಯಾಟರನ್ ದೇವಾಲಯವು ರೋಮಿನ ಧರ್ಮಾಧ್ಯಕ್ಷರಾದ ಜಗದ್ಗುರುಗಳ ಪ್ರಧಾನಾಲಯ. ನಮ್ಮಲ್ಲಿ ಹಲವರು ಆ ಗೌರವ ಸಂತ ಪೇತ್ರರ ಮಹಾದೇವಾಲಯಕ್ಕೆ ಸೇರಿದ್ದೆಂದು ತಿಳಿದಿದ್ದಾರೆ, ಅದು ಹಾಗಲ್ಲ. ಒಂದು ದೇವಾಲಯವನ್ನು ಪ್ರಧಾನಾಲಯ ಮಾಡುವುದು ಅದರ ಎತ್ತರವೂ ಅಲ್ಲ, ಕಲ್ಲಿನ ಕೆತ್ತನೆಯೂ ಅಲ್ಲ. ಧರ್ಮಾಧ್ಯಕ್ಷರು ಕುಳಿತು ಬೋಧಿಸುವ ಪೀಠ, ಅಂದರೆ ಅವರ ಕುರ್ಚಿ, ಎಲ್ಲಿದೆಯೋ ಅದು ಪ್ರಧಾನಾಲಯ. ಕೆಥೀಡ್ರಲ್ ಎಂಬ ಪದದ ಮೂಲದಲ್ಲಿರುವ 'ಕಥೇದ್ರ' ಎಂದರೆ ಕುರ್ಚಿಯೇ.

ಹೀಗೆ ಹೇಳಿದರೆ ಮಕ್ಕಳಿಗೆ ಸಮಾಧಾನವಾಗುವುದಿಲ್ಲ, ದೊಡ್ಡವರಿಗೂ ಅಷ್ಟೇ. ಆದ್ದರಿಂದ ಈ ತಿಂಗಳು ಒಂದು ಊರಿನ ಕಥೆ ಓದೋಣ. ಆ ಊರಿನಲ್ಲಿ ಪ್ರಧಾನಾಲಯ ಮತ್ತೆ ಮತ್ತೆ ಬಿದ್ದಿದೆ, ಕುರ್ಚಿ ಮಾತ್ರ ಉಳಿದಿದೆ. ಫಿಲಿಪ್ಪೀನ್ಸ್ ದೇಶದ ಮನಿಲಾ ಆ ಊರು. ಗಲ್ಫ್ ದೇಶಗಳಿಗೆ ದುಡಿಯಲು ಹೋದ ನಮ್ಮವರು ಅಲ್ಲಿನ ದೇವಾಲಯಗಳಲ್ಲಿ ಫಿಲಿಪಿನೋ ವಿಶ್ವಾಸಿಗಳ ಪಕ್ಕದಲ್ಲೇ ಮೊಣಕಾಲೂರಿದ್ದಾರೆ, ಆದ್ದರಿಂದ ಆ ಜನ ನಮಗೆ ತೀರ ಅಪರಿಚಿತರಲ್ಲ. ಇನ್ನು ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಹಿರಿಯರಿಗೆ ಭೂಕಂಪ ಎಂಬುದು ಪುಸ್ತಕದಲ್ಲಿ ಓದಿದ ಮಾತಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಬಿದಿರಿನ ಗುಡಿ, ಮೇಣದ ಬತ್ತಿ

ಸ್ಪೇನಿನ ಲೆಗಾಸ್ಪಿ ಎಂಬ ಸೇನಾನಿ 1571ರಲ್ಲಿ ಮನಿಲಾವನ್ನು ಹಿಡಿದನು. ಪಾಸಿಗ್ ನದಿ ಸಮುದ್ರ ಸೇರುವ ಮೂಲೆಯಲ್ಲಿ, ಇಂದು ಇಂಟ್ರಾಮುರೋಸ್ ಎಂದು ಕರೆಯುವ ಕೋಟೆಯೊಳಗಿನ ಹಳೆಯ ಪಟ್ಟಣ ಎದ್ದಿತು. ಅಲ್ಲಿನ ಮೊದಲ ದೇವಾಲಯ ಬಿದಿರಿನದು. ಜೌಗು ನೆಲದಲ್ಲಿ ಬೆಳೆಯುವ ನೀಪಾ ತಾಳೆಯ ಗರಿಗಳೇ ಅದರ ಹೊದಿಕೆ. 1579ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು, ನಾವು ಇಂದು ಬಳಸುವ ಕ್ಯಾಲೆಂಡರನ್ನು ಕೊಟ್ಟವರೂ ಇವರೇ, ಮನಿಲಾವನ್ನು ಧರ್ಮಪ್ರಾಂತ್ಯವಾಗಿ ಘೋಷಿಸಿದರು. ಅದು ಸೇರಿದ್ದು ಪೆಸಿಫಿಕ್ ಸಾಗರದ ಆಚೆಗಿದ್ದ ಮೆಕ್ಸಿಕೋ ಮಹಾಧರ್ಮಪ್ರಾಂತ್ಯಕ್ಕೆ. ಡೊಮಿನಿಕನ್ ಸಭೆಯ ದೋಮಿಂಗೋ ದೆ ಸಲಸಾರ್ ಮೊದಲ ಧರ್ಮಾಧ್ಯಕ್ಷರಾಗಿ 1581ರಲ್ಲಿ ಬಂದಿಳಿದರು. ಅವರ ಕುರ್ಚಿಯನ್ನು ಇಟ್ಟದ್ದು ಆ ಬಿದಿರಿನ ಗುಡಿಯಲ್ಲೇ. ಅಮಲೋದ್ಭವ ಮಾತೆಯ ಹೆಸರಿನ ಆ ಗುಡಿ ಅಂದಿನಿಂದ ಪ್ರಧಾನಾಲಯವಾಯಿತು. ಗರಿಯ ಮಾಡು ಅದಕ್ಕೆ ಅಡ್ಡಿ ಆಗಲಿಲ್ಲ.

ಆ ಗುಡಿ ಇದ್ದ ಕಾಲದಲ್ಲಿ, 1582ರಲ್ಲಿ, ಸಲಸಾರ್ ಅವರು ಗುರುಗಳ ಸಭೆಯೊಂದನ್ನು ಕರೆದರು. ಮನಿಲಾ ಸಿನೋದ್ ಎಂದು ಅದರ ಹೆಸರು. ವಿಶ್ವಾಸದ ಪಾಠವನ್ನು ಸ್ಪಾನಿಷ್ ಭಾಷೆಯಲ್ಲಿ ಹೇರುವ ಬದಲು ಆ ನೆಲದ ಜನರ ಮಾತಿನಲ್ಲೇ ಕಲಿಸುವ ದಾರಿ ಹಿಡಿದದ್ದು ಆಗಲೇ. ಕೆಲವೇ ವರ್ಷಗಳಲ್ಲಿ, 1593ರಲ್ಲಿ, ಮನಿಲಾದಲ್ಲಿ ಒಂದು ಚಿಕ್ಕ ಧರ್ಮೋಪದೇಶ ಪುಸ್ತಕ ಅಚ್ಚಾಯಿತು. ಅದರಲ್ಲಿ ಸ್ಪಾನಿಷ್ ಜೊತೆಗೆ ತಗಾಲೋಗ್ ಭಾಷೆ ಇದೆ, ಆ ತಗಾಲೋಗ್ ಕೂಡ ರೋಮನ್ ಲಿಪಿಯಲ್ಲಿ ಒಮ್ಮೆ, ಆ ಜನರದೇ ಆದ ಬಾಯ್‌ಬಾಯಿನ್ ಲಿಪಿಯಲ್ಲಿ ಇನ್ನೊಮ್ಮೆ. ನಾಲ್ಕು ಭಾಷೆಗಳ ಧರ್ಮಪ್ರಾಂತ್ಯದಲ್ಲಿ, ತಿಂಗಳಿಗೊಮ್ಮೆ ಸಿಗುವ ಕನ್ನಡ ಪೂಜೆಗಾಗಿ ಕಾಯುವ ನಮಗೆ ಈ ಸುದ್ದಿಯ ಬೆಲೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ತಿಳಿಯುತ್ತದೆ. ಮನಿಲಾದಲ್ಲಿ ಅಂದು ಇದ್ದ ಕಟ್ಟಡಗಳಲ್ಲಿ ಬಹುತೇಕ ಯಾವುದೂ ಈಗಿಲ್ಲ. ತಗಾಲೋಗ್‌ನಲ್ಲಿ ಪರಲೋಕ ಪ್ರಾರ್ಥನೆ ಇನ್ನೂ ನಡೆಯುತ್ತಿದೆ.

1583ರಲ್ಲಿ ರಾಜ್ಯಪಾಲ ರೊಂಕಿಯೋ ತೀರಿಕೊಂಡರು. ಸಂತ ಅಗಸ್ಟೀನರ ದೇವಾಲಯದಲ್ಲಿ ಅವರ ಅಂತ್ಯಕ್ರಿಯೆಯ ಪೂಜೆ ನಡೆಯುತ್ತಿದ್ದಾಗ ಮೇಣದ ಬತ್ತಿಯ ಬೆಂಕಿ ಅಲಂಕಾರಕ್ಕೆ ತಾಗಿತು. ಬಿದಿರಿನ ಊರು, ಕೇಳಬೇಕೆ? ಪಟ್ಟಣದ ಬಹುಭಾಗ ಉರಿದುಹೋಯಿತು, ಪ್ರಧಾನಾಲಯವೂ ಅದರೊಂದಿಗೆ.

ಇದಾದ ಮೇಲೆ ಕಲ್ಲಿನಲ್ಲೇ ಕಟ್ಟಬೇಕೆಂಬ ತೀರ್ಮಾನವಾಯಿತು. ಪಾಸಿಗ್ ನದಿಯ ಮೇಲ್ಭಾಗದಲ್ಲಿ ಗ್ವಾದಲೂಪೆ ಎಂಬಲ್ಲಿ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನ ಗಣಿ ಇತ್ತು. ಕಾಸರಗೋಡು, ಗೋವಾ ಕಡೆಯ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ: ನಮ್ಮ ಮುರಕಲ್ಲಿನ ಹಾಗೆ ಅದೂ ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿ ತಾಗುತ್ತ ಗಟ್ಟಿಯಾಗುವ ಕಲ್ಲು. ಯೇಸುಸಭೆಯ ಅಂತೋನಿಯೋ ಸೆದೇನ್ಯೋ ಎಂಬ ಗುರುಗಳು ಊರಿನವರಿಗೆ ಕಲ್ಲು ಕಡಿಯುವುದನ್ನೂ ಸುಣ್ಣ ಸುಡುವುದನ್ನೂ ಹೆಂಚು ಮಾಡುವುದನ್ನೂ ಕಲಿಸಿದರು. 1592ರಲ್ಲಿ ಕಲ್ಲಿನ ಪ್ರಧಾನಾಲಯ ಬಂತು. 1595ರಲ್ಲಿ ಮನಿಲಾ ಮೆಕ್ಸಿಕೋದಿಂದ ಬೇರೆಯಾಗಿ ತಾನೇ ಮಹಾಧರ್ಮಪ್ರಾಂತ್ಯವಾಯಿತು.

ಇಲ್ಲೊಂದು ಮಾತು ಸೇರಿಸಲೇಬೇಕು. ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೋ ಗಾರ್ಸಿಯ ಫ್ರಾನ್ಸಿಸ್ಕನ್ ಸಹೋದರರಾಗಿ ಸೇರಿದ್ದು ಇದೇ ಮನಿಲಾದಲ್ಲಿ. 1593ರಲ್ಲಿ ಅಲ್ಲಿಂದಲೇ ಜಪಾನಿಗೆ ಹೊರಟು, 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟರು. ಹೊಸ ಕಲ್ಲಿನ ಪ್ರಧಾನಾಲಯ ಮೇಲೇಳುತ್ತಿದ್ದ ಆ ವರ್ಷಗಳಲ್ಲಿ ಭಾರತದ ಮೊದಲ ಸಂತರು ಆ ಊರಿನ ಬೀದಿಗಳಲ್ಲಿ ಓಡಾಡಿದ್ದರು.

ಬೆಂಕಿಗೆ ಅಂಜಿ ಕಟ್ಟಿದ ಕಲ್ಲು ಎಂಟು ವರ್ಷಕ್ಕೇ ಭೂಕಂಪಕ್ಕೆ ಸಿಕ್ಕಿತು. 1600ರಲ್ಲಿ ಒಂದು ಭಾಗ ಕುಸಿಯಿತು. 1614ರಲ್ಲಿ ಇನ್ನೂ ದೊಡ್ಡದಾಗಿ, ಏಳು ಕಿರುಗುಡಿಗಳೊಂದಿಗೆ ಮೂರನೆಯದನ್ನು ಕಟ್ಟಿದರು. ಅದು 31 ವರ್ಷ ನಿಂತಿತು.

ಸಂತ ಅಂದ್ರೇಯರ ದಿನ

1645ರ ನವೆಂಬರ್ 30. ಅಂದು ಪ್ರೇಷಿತ ಸಂತ ಅಂದ್ರೇಯರ ಹಬ್ಬ. ಮನಿಲಾ ಪಟ್ಟಣಕ್ಕೆ ಅವರೇ ಪಾಲಕ ಸಂತರು. ಅದಕ್ಕೂ ಕಾರಣವಿದೆ: 1574ರಲ್ಲಿ ಲಿಮಹೋಂಗ್ ಎಂಬ ಚೀನೀ ಕಡಲ್ಗಳ್ಳ ದೊಡ್ಡ ಪಡೆಯೊಂದಿಗೆ ದಾಳಿ ಮಾಡಿದಾಗ ಪಟ್ಟಣ ಉಳಿದದ್ದು ಸಂತ ಅಂದ್ರೇಯರ ಹಬ್ಬದ ಸಮಯದಲ್ಲಿ. ಆ ಕೃತಜ್ಞತೆಗಾಗಿ ಊರನ್ನು ಅವರ ಆಶ್ರಯಕ್ಕೆ ಒಪ್ಪಿಸಿದ್ದರು. 71 ವರ್ಷಗಳ ನಂತರ ಅದೇ ಹಬ್ಬದ ರಾತ್ರಿ ಭೂಮಿ ನಡುಗಿ ಪ್ರಧಾನಾಲಯವೂ ಊರಿನ ಎಷ್ಟೋ ಮನೆಗಳೂ ನೆಲಸಮವಾದವು.

ಈಗ ಏನೆನ್ನುವುದು? ಒಂದು ಹಬ್ಬದ ದಿನ ಉಳಿದರೆ ಸಂತರು ಕಾಪಾಡಿದರು ಎನ್ನುತ್ತೇವೆ. ಅದೇ ಹಬ್ಬದ ದಿನ ಬಿದ್ದರೆ ಸಂತರು ಮುನಿದರೆ? ಇಂಥ ಹೊತ್ತಿನಲ್ಲಿ ಯಾರ ಪಾಪಕ್ಕೆ ಈ ಶಿಕ್ಷೆ ಎಂದು ಬೆರಳು ತೋರಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಯೇಸುಸ್ವಾಮಿಯವರ ಮುಂದೆ ಈ ಪ್ರಶ್ನೆ ಬಂದಾಗ ಅವರು ಕೊಟ್ಟ ಉತ್ತರ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿದೆ. ಸಿಲೋವಾಮ್‌ನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಸ್ವಾಮಿ ಸ್ಪಷ್ಟವಾಗಿ ಹೇಳುತ್ತಾರೆ. ಮಾತನ್ನು ಅಲ್ಲಿಗೇ ಬಿಡದೆ, ಬದುಕಿ ಉಳಿದ ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದು ಕೇಳುವವರ ಕಡೆಗೇ ತಿರುಗಿಸುತ್ತಾರೆ. ಸತ್ತವರ ಲೆಕ್ಕ ದೇವರಿಗೆ ಸೇರಿದ್ದು. ಉಳಿದವರು ಏನು ಮಾಡಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ. ಅದೇ ಅಧ್ಯಾಯದಲ್ಲಿ ಇದರ ಬೆನ್ನಿಗೇ ಅಂಜೂರದ ಮರದ ಸಾಮತಿ ಇದೆ. ಅದನ್ನು ನೆನಪಿನಲ್ಲಿಡಿ, ಬೇಕಾಗುತ್ತದೆ.

1653ರಲ್ಲಿ ಬಂದ ಮಹಾಧರ್ಮಾಧ್ಯಕ್ಷ ಮಿಗೆಲ್ ದೆ ಪೊಬ್ಲೇತೆ ಅವರಿಗೆ ಸಿಕ್ಕಿದ್ದು ಪ್ರಧಾನಾಲಯವಿಲ್ಲದ ಮಹಾಧರ್ಮಪ್ರಾಂತ್ಯ. ಮರುವರ್ಷವೇ ಕೆಲಸ ಶುರು ಮಾಡಿಸಿದರು. 1667ರಲ್ಲಿ ತೀರಿಕೊಂಡರು. ಕಟ್ಟಡ ಮುಗಿದದ್ದು 1671ರಲ್ಲಿ. ಈ ನಾಲ್ಕನೆಯ ಪ್ರಧಾನಾಲಯ ಮುಂದಿನ ಶತಮಾನದ ನಡುವಿನವರೆಗೆ ಬಾಳಿತು. ಆಮೇಲಿನ ನೂರು ವರ್ಷಗಳ ಬೀಳುವಿಕೆ, ದುರಸ್ತಿ, ಮರುಕಟ್ಟುವಿಕೆಗಳನ್ನು ಇಲ್ಲಿ ಬಿಡುತ್ತೇವೆ. ಈಗಿರುವುದು ಎಂಟನೆಯದು ಎಂದು ಮನಿಲಾದವರು ಎಣಿಸುತ್ತಾರೆ. ಯಾವುದು ದುರಸ್ತಿ, ಯಾವುದು ಹೊಸ ಕಟ್ಟಡ ಎಂದು ಲೆಕ್ಕ ಹಿಡಿಯುವುದು ನಮ್ಮ ಹಳೆಯ ಮನೆಗಳ ವಿಷಯದಲ್ಲಿ ಎಷ್ಟು ಕಷ್ಟವೋ ಅಲ್ಲಿಯೂ ಅಷ್ಟೇ ಕಷ್ಟ.

ಕಲ್ಲು ಏಕೆ ಬೀಳುತ್ತದೆ

ಕಲ್ಲಿನ ಗೋಡೆ ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಆನೆಯನ್ನು ನಿಲ್ಲಿಸಿದರೂ ಹೊತ್ತೀತು. ಭೂಕಂಪ ಮೇಲಿನಿಂದ ಒತ್ತುವುದಿಲ್ಲ, ಪಕ್ಕದಿಂದ ಜಗ್ಗುತ್ತದೆ. ಹಾಗೆ ಎಳೆದಾಗ ಕಲ್ಲಿಗೂ ಕಲ್ಲಿಗೂ ನಡುವಿನ ಸುಣ್ಣ ಅಥವಾ ಮಣ್ಣು ಬಾಯಿ ಬಿಡುತ್ತದೆ. ಹಳೆಯ ದಪ್ಪ ಗೋಡೆಗಳಲ್ಲಿ ಹೊರಗೊಂದು ಒಳಗೊಂದು ಕಲ್ಲಿನ ಮೈ ಕಟ್ಟಿ ನಡುವೆ ಜಲ್ಲಿ, ಮಣ್ಣು ತುಂಬುವ ರೂಢಿ ಇತ್ತು. ನಡುಗಿದಾಗ ಎರಡು ಮೈಗಳೂ ಬೇರೆಬೇರೆಯಾಗಿ ಕಳಚಿಕೊಳ್ಳುತ್ತವೆ. ಮಾಡು ಭಾರವಾದಷ್ಟೂ ಜಗ್ಗಾಟ ಹೆಚ್ಚು. ನದಿ ತಂದು ಹಾಕಿದ ಮೆತ್ತನೆಯ ಮಣ್ಣಿನ ಮೇಲೆ ಊರಿದ್ದರೆ ನಡುಕ ಇನ್ನೂ ದೊಡ್ಡದಾಗುತ್ತದೆ. ಮನಿಲಾ ಪ್ರಧಾನಾಲಯಕ್ಕೆ ಇವೆಲ್ಲ ಒಟ್ಟಿಗೇ ಕೂಡಿಬಂದಿದ್ದವು.

ಕಿಲ್ಲಾರಿಯಲ್ಲಿ ಆದದ್ದೂ ಬಹುಪಾಲು ಇದೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷ ಇರುವಾಗ, ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅವರನ್ನು ಕೊಂದದ್ದು ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ಗೋಡೆಗಳು ಮತ್ತು ಬಿಸಿಲಿಗೆ ತಂಪಿರಲೆಂದು ವರ್ಷ ವರ್ಷ ಮಣ್ಣು ಹಾಕಿ ಭಾರ ಮಾಡಿದ ಮಾಳಿಗೆಗಳು. ಭೂಕಂಪದ ಭೂಪಟದಲ್ಲಿ ಆ ಸೀಮೆ ಅಂದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಆಮೇಲೆ ಆ ವಲಯವನ್ನೇ ಭೂಪಟದಿಂದ ತೆಗೆದು ಹಾಕಿದರು. ಏನೂ ಆಗುವುದಿಲ್ಲ ಎಂದು ಬರೆದಿಟ್ಟ ಜಾಗದಲ್ಲೇ ಆಯಿತು ಎಂಬುದನ್ನು ನಮ್ಮ ಕಡೆಯವರು ಮರೆಯಬಾರದು.

ಫಿಲಿಪ್ಪೀನ್ಸಿನ ಜನ ಬಿದ್ದು ಬಿದ್ದು ಕಲಿತರು. ಮನೆಯ ಕೆಳಭಾಗ ಕಲ್ಲು, ಮೇಲ್ಭಾಗ ಮರ ಎಂಬ ಪದ್ಧತಿ ಬಂತು. ದೇವಾಲಯಗಳು ಎತ್ತರ ಬಿಟ್ಟು ಅಗಲವಾದವು. ಉತ್ತರದ ಪಾವೊಯ್ ಊರಿನ ದೇವಾಲಯದ ಸುತ್ತ 24 ಭಾರೀ ಆಸರೆಗೋಡೆಗಳಿವೆ, ಅದರ ಗಂಟೆಗೋಪುರ ದೇವಾಲಯಕ್ಕೆ ಅಂಟಿಕೊಳ್ಳದೆ ದೂರ ನಿಂತಿದೆ. ಗೋಪುರ ಬಿದ್ದರೂ ಪೂಜೆಗೆ ಬಂದವರ ತಲೆಯ ಮೇಲೆ ಬೀಳಬಾರದೆಂಬ ಲೆಕ್ಕಾಚಾರ ಅದು. ಹತ್ತೊಂಬತ್ತನೆಯ ಶತಮಾನದ ಭೂಕಂಪಗಳ ನಂತರ ಭಾರದ ಹೆಂಚು ಹೋಗಿ ತಗಡಿನ ಮಾಡು ಹೆಚ್ಚಾಯಿತು. ತಗಡಿನ ದೇವಾಲಯ ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ನಮಗಂತೂ ತಗಡಿನ ಮೇಲೆ ಗೌರವ ಹೆಚ್ಚಾಗಿದೆ.

1863: ಹಬ್ಬದ ಹಿಂದಿನ ಸಂಜೆ

1863ರ ಜೂನ್ 3 ಬುಧವಾರ. ಮರುದಿನ ಯೇಸುಕ್ರಿಸ್ತರ ಪವಿತ್ರ ಶರೀರದ ಮಹೋತ್ಸವ. ಹಬ್ಬದ ಮುನ್ನಾದಿನದ ಸಂಜೆಪ್ರಾರ್ಥನೆಗೆಂದು ಪ್ರಧಾನಾಲಯದ ಗುರುಗಳು ಸೇರಿದ್ದರು. ಭೂಮಿ ನಡುಗಿತು, ಮಾಡು ಅವರ ಮೇಲೆ ಕುಸಿಯಿತು. ಕಲ್ಲುಗಳಡಿ ಸಿಕ್ಕಿ ಸತ್ತವರಲ್ಲಿ ಫಾದರ್ ಪೆದ್ರೋ ಪೆಲಾಯೆಸ್ ಒಬ್ಬರು.

ಅವರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1812ರಲ್ಲಿ ಲಗೂನಾ ಪ್ರಾಂತ್ಯದ ಪಗ್ಸಾಂಹಾನ್ ಊರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು. ಓದಿನಲ್ಲಿ ಮೇಧಾವಿ, ಪ್ರಧಾನಾಲಯದ ಗುರುಮಂಡಳಿಯ ಸದಸ್ಯರು. 1861ರಲ್ಲಿ ಮಹಾಧರ್ಮಾಧ್ಯಕ್ಷರು ತೀರಿಕೊಂಡಾಗ, ಹೊಸಬರು ಬರುವವರೆಗೆ ಇಡೀ ಮಹಾಧರ್ಮಪ್ರಾಂತ್ಯದ ಆಡಳಿತ ನೋಡಿಕೊಂಡವರು ಅವರೇ. ಕುರ್ಚಿ ಖಾಲಿ ಇದ್ದಾಗ ಅದರ ಪಕ್ಕ ನಿಂತು ಕಾದವರು ಎನ್ನಬಹುದು. ಆ ಕಾಲದ ಒಂದು ದೊಡ್ಡ ಜಗಳದಲ್ಲಿ ಅವರು ಎದೆಗೊಟ್ಟು ನಿಂತಿದ್ದರು. ಧರ್ಮಕೇಂದ್ರಗಳನ್ನು ಸ್ಪೇನಿನಿಂದ ಬಂದ ಸಂನ್ಯಾಸಿ ಗುರುಗಳೇ ಇಟ್ಟುಕೊಳ್ಳಬೇಕೆ, ಅಥವಾ ಆ ನೆಲದಲ್ಲೇ ಹುಟ್ಟಿ ಗುರುಪಟ್ಟ ಪಡೆದವರ ಕೈಗೆ ಕೊಡಬೇಕೆ ಎಂಬುದು ಜಗಳ. ದೇಶೀಯ ಗುರುಗಳ ಹಕ್ಕಿಗಾಗಿ ಪೆಲಾಯೆಸ್ ಅರ್ಜಿ ಬರೆದರು, ವಾದಿಸಿದರು. ಸಂನ್ಯಾಸಿ ಗುರುಗಳು ಆ ದ್ವೀಪಗಳಿಗೆ ವಿಶ್ವಾಸವನ್ನು ತಂದವರು, ಊರುಗಳನ್ನೇ ಕಟ್ಟಿದವರು, ಅವರ ಋಣ ಸಣ್ಣದಲ್ಲ. ಆದರೂ ಮಗ ಬೆಳೆದ ಮೇಲೆ ಬೀಗದ ಕೈ ಕೊಡದ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ಅಂಥವರು 50 ವರ್ಷ ವಯಸ್ಸಿನಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ, ತಾವು ಸೇವೆ ಮಾಡುತ್ತಿದ್ದ ಪ್ರಧಾನಾಲಯದ ಕಲ್ಲುಗಳ ಕೆಳಗೆ ಸತ್ತರು. ಸಿಲೋವಾಮ್ ಗೋಪುರದ ಮಾತನ್ನು ಸ್ವಾಮಿ ಹೇಳದೇ ಇದ್ದಿದ್ದರೆ ಈ ಸಾವನ್ನು ಹೇಗೆ ಓದುತ್ತಿದ್ದೆವೋ. ಅವರ ಶಿಷ್ಯ ಫಾದರ್ ಹೊಸೆ ಬುರ್ಗೋಸ್ ಆ ಹೋರಾಟವನ್ನು ಮುಂದುವರಿಸಿದರು. 1872ರ ಫೆಬ್ರವರಿ 17ರಂದು, ಸಿಪಾಯಿ ದಂಗೆಯಲ್ಲಿ ಪಾಲಿದೆ ಎಂಬ ಆರೋಪ ಹೊರಿಸಿ, ಬುರ್ಗೋಸ್, ಗೋಮೆಸ್, ಸಮೋರಾ ಎಂಬ ಮೂವರು ಗುರುಗಳನ್ನು ಸರ್ಕಾರ ಕತ್ತು ಹಿಸುಕಿ ಕೊಂದಿತು. ಅವರ ಗುರುಪದವಿಯನ್ನು ಕಳಚಿಹಾಕಲು ಅಂದಿನ ಮಹಾಧರ್ಮಾಧ್ಯಕ್ಷರು, ಅವರು ಸ್ಪೇನಿನವರೇ, ಒಪ್ಪಲಿಲ್ಲ. ಆ ವರ್ಷ ಮನಿಲಾದ ಪ್ರಧಾನಾಲಯ ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿತ್ತು. ಕುರ್ಚಿಗೆ ಮೇಲೊಂದು ಸರಿಯಾದ ಮಾಡೂ ಇರಲಿಲ್ಲ. ಕುರ್ಚಿ ತನ್ನ ಕೆಲಸ ಮಾಡಿತು.

ಅದೇ 1863ರ ಭೂಕಂಪದಲ್ಲಿ ಪ್ರಧಾನಾಲಯದ ಎದುರಿನ ರಾಜ್ಯಪಾಲರ ಅರಮನೆಯೂ ಬಿದ್ದಿತು. ರಾಜ್ಯಪಾಲರು ನದಿಯ ದಡದ ಮಲಕನ್ಯಾಂಗ್ ಬಂಗಲೆಗೆ ಹೋದವರು ಕೋಟೆಯೊಳಕ್ಕೆ ಮರಳಲಿಲ್ಲ. ಇಂದಿಗೂ ದೇಶದ ಅಧ್ಯಕ್ಷರ ನಿವಾಸ ಅಲ್ಲೇ ಇದೆ. ಮಹಾಧರ್ಮಾಧ್ಯಕ್ಷರ ಪೀಠ ಮಾತ್ರ ಹಳೆಯ ಜಾಗಕ್ಕೇ ಮರಳಿತು. 1879ರ ಡಿಸೆಂಬರಿನಲ್ಲಿ ಹೊಸ ಪ್ರಧಾನಾಲಯದ ಆಶೀರ್ವಾದವಾಯಿತು. ಏಳು ತಿಂಗಳು ಕಳೆಯಿತು. 1880ರ ಜುಲೈನಲ್ಲಿ ಮತ್ತೆ ಭೂಕಂಪ, ಗಂಟೆಗೋಪುರ ಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. 78 ವರ್ಷ ಮನಿಲಾ ಪ್ರಧಾನಾಲಯಕ್ಕೆ ಗೋಪುರವೇ ಇರಲಿಲ್ಲ.

ಮನುಷ್ಯರು ಬೀಳಿಸಿದ್ದು

ಏಳನೆಯ ಪ್ರಧಾನಾಲಯ ಭೂಕಂಪದಿಂದ ಬೀಳಲಿಲ್ಲ. 1945ರ ಫೆಬ್ರವರಿಯಲ್ಲಿ ಜಪಾನಿ ಮತ್ತು ಅಮೆರಿಕನ್ ಸೇನೆಗಳ ನಡುವೆ ಮನಿಲಾಕ್ಕಾಗಿ ಒಂದು ತಿಂಗಳು ನಡೆದ ಕದನದಲ್ಲಿ ಊರಿನ ಸುಮಾರು ಒಂದು ಲಕ್ಷ ಜನ ಸತ್ತರು. ಇಂಟ್ರಾಮುರೋಸ್‌ನ ಒಳಗಿದ್ದ ಏಳು ದೇವಾಲಯಗಳಲ್ಲಿ ನಿಂತು ಉಳಿದದ್ದು ಒಂದೇ, ಸಂತ ಅಗಸ್ಟೀನರದು. 1607ರಲ್ಲಿ ಮುಗಿದ ಕಟ್ಟಡ, 1645ರನ್ನೂ 1863ನ್ನೂ 1880ನ್ನೂ ಕಂಡದ್ದು. ಅದರ ಎರಡು ಗೋಪುರಗಳಲ್ಲಿ ಒಂದನ್ನು ಮಾತ್ರ ಭೂಕಂಪ ಕಿತ್ತುಕೊಂಡಿತ್ತು. ನೂರಾರು ವರ್ಷಗಳ ಭೂಕಂಪಗಳಿಗೆ ಸಾಧ್ಯವಾಗದ ಹಾನಿಯನ್ನು ಮನುಷ್ಯರು ನಾಲ್ಕು ವಾರಗಳಲ್ಲಿ ಮಾಡಿ ಮುಗಿಸಿದರು.

ಯುದ್ಧದ ನಂತರ ಕುರ್ಚಿ ಕೋಟೆಯ ಹೊರಗಿನ ಸಂತ ಮಿಖಾಯೇಲರ ದೇವಾಲಯದಲ್ಲಿ ಅತಿಥಿಯಾಗಿತ್ತು. 1954ರಿಂದ 1958ರವರೆಗೆ, ಮುಂದೆ ಕಾರ್ಡಿನಲ್ ಆದ ರುಫಿನೋ ಸಾಂತೋಸ್ ಅವರ ಮುಂದಾಳುತನದಲ್ಲಿ, ವಾಸ್ತುಶಿಲ್ಪಿ ಫೆರ್ನಾಂದೋ ಒಕಾಂಪೋ ಅವರ ನಕ್ಷೆಯಂತೆ ಈಗಿನ ಪ್ರಧಾನಾಲಯ ಎದ್ದಿತು. 1958ರ ಡಿಸೆಂಬರಿನಲ್ಲಿ, ಅಮಲೋದ್ಭವ ಮಾತೆಯ ಹಬ್ಬದ ಹೊತ್ತಿಗೆ, ಅದರ ಬಾಗಿಲು ತೆರೆಯಿತು. ಗೋಪುರವೂ ಮರಳಿ ಬಂತು.

ಬೀಳುವ ಮೊದಲೇ ಮುಚ್ಚಿದ ಬಾಗಿಲು

ನಮ್ಮ ದೃಷ್ಟಿಯಲ್ಲಿ ಈ ಕಥೆಯ ಅತಿ ಮುಖ್ಯ ಭಾಗ ಇದು. ಇದರಲ್ಲಿ ಯಾವ ಕಟ್ಟಡವೂ ಬೀಳುವುದಿಲ್ಲ.

1968ರಲ್ಲಿ ಮನಿಲಾದಲ್ಲಿ ರೂಬಿ ಟವರ್ ಎಂಬ ವಸತಿ ಕಟ್ಟಡ ಭೂಕಂಪಕ್ಕೆ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪ್ರಧಾನಾಲಯ ನಿಂತಿತ್ತು. 1990ರ ದೊಡ್ಡ ಭೂಕಂಪದಲ್ಲೂ ನಿಂತಿತು. ನಿಂತಿದೆಯಲ್ಲ, ಇನ್ನೇನು ಎಂದು ಸುಮ್ಮನಿರಬಹುದಿತ್ತು. ಆದರೆ ಮನಿಲಾದ ಪಕ್ಕದಲ್ಲೇ ಹಾದುಹೋಗುವ ಭೂಬಿರುಕು 1658ರಲ್ಲಿ ಕೊನೆಯ ಬಾರಿ ಜೋರಾಗಿ ಕದಲಿದ್ದು, ಮತ್ತೆ ಕದಲಿದರೆ 7.2ರಷ್ಟು ತೀವ್ರತೆಯ ಭೂಕಂಪವಾಗಬಹುದು ಎಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದರು. ಕಟ್ಟಡದ ಕೆಳಗಿನ ನೆಲವೂ ನಂಬುವಂತಿರಲಿಲ್ಲ. ನೀರು ತುಂಬಿದ ಸಡಿಲ ಮರಳುಮಣ್ಣು ಜೋರಾಗಿ ಕುಲುಕಿದಾಗ ಗಂಜಿಯ ಹಾಗೆ ಆಗಿಬಿಡುತ್ತದೆ, ಮೇಲಿನ ಕಟ್ಟಡ ಒಂದು ಕಡೆ ಕುಸಿಯುತ್ತದೆ. 2012ರ ಫೆಬ್ರವರಿಯಲ್ಲಿ ಪ್ರಧಾನಾಲಯವನ್ನು ಮುಚ್ಚಿದರು. ಪಾಕೋ ಎಂಬಲ್ಲಿನ ದೇವಾಲಯಕ್ಕೆ ಆ ಎರಡು ವರ್ಷದ ಮಟ್ಟಿಗೆ ಪ್ರಧಾನಾಲಯದ ಕೆಲಸ ಹೋಯಿತು. ನಾಲ್ಕು ಶತಮಾನಗಳಲ್ಲಿ ಭೂಕಂಪಕ್ಕಾಗಿ ಆ ಬಾಗಿಲು ಮುಚ್ಚಿದ್ದು ಪ್ರತಿ ಬಾರಿಯೂ ಭೂಕಂಪ ಆದ ಮೇಲೆ. ಈ ಸಲ ಆಗುವ ಮೊದಲೇ ಮುಚ್ಚಿದರು.

ಮದುವೆಗಳಿಗೆ ಬೇಡಿಕೆ ಇರುವ ದೇವಾಲಯ, ಯಾತ್ರಿಕರು ಬರುವ ದೇವಾಲಯ. ಕಣ್ಣಿಗೆ ಕಾಣುವ ದೋಷಕ್ಕೆ ದಾನಿಗಳು ಸಿಗುತ್ತಾರೆ, ಹೊಸ ಗಂಟೆಗೆ ಸಿಗುತ್ತಾರೆ, ಅಮೃತಶಿಲೆಯ ನೆಲಕ್ಕೂ ಸಿಗುತ್ತಾರೆ. ನೆಲದಡಿಯ ಪಾಯಕ್ಕೆ ಹಣ ಕೇಳುವುದು ಕಷ್ಟ, ಅಲ್ಲಿ ಹೆಸರು ಕೆತ್ತಿಸುವ ಹಾಗಿಲ್ಲ. ನಮ್ಮ ಧರ್ಮಕೇಂದ್ರಗಳ ಲೆಕ್ಕಪತ್ರ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು.

ಆ ಕೆಲಸ ನಡೆಯುತ್ತಿರುವಾಗಲೇ, 2013ರ ಅಕ್ಟೋಬರ್ 15ರ ಬೆಳಿಗ್ಗೆ, ದೇಶದ ಇನ್ನೊಂದು ಭಾಗದ ಬೊಹೋಲ್ ದ್ವೀಪದಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲೋವೊನ್ ಊರಿನ ದೊಡ್ಡ ಕಲ್ಲಿನ ದೇವಾಲಯ ಪುಡಿಪುಡಿಯಾಗಿ ಗುಡ್ಡೆ ಬಿದ್ದಿತು. ಬಕ್ರೀದ್ ರಜೆಯ ದಿನವಾದ್ದರಿಂದ ಶಾಲೆಗಳು ಖಾಲಿ ಇದ್ದವು. ಅದೇ ಭೂಕಂಪ ಎರಡು ದಿನ ಮುಂಚೆ, ಭಾನುವಾರ ಬೆಳಗಿನ ಪೂಜೆಯ ಹೊತ್ತಿಗೆ ಆಗಿದ್ದರೆ ಎಂದು ನೆನೆಯಲೂ ಭಯವಾಗುತ್ತದೆ. ಲೋವೊನ್‌ನ ಜನ ಹೊರಗೆ ಬಲಿಪೂಜೆ ಅರ್ಪಿಸಿದರು. ಅವರ ದೇವಾಲಯ ಮತ್ತೆ ಎದ್ದು ಆಶೀರ್ವಾದ ಪಡೆದದ್ದು 2021ರಲ್ಲಿ.

ಈಗ ಅಂಜೂರದ ಮರಕ್ಕೆ ಬರೋಣ. ಸಿಲೋವಾಮ್ ಗೋಪುರದ ಮಾತಿನ ಬೆನ್ನಿಗೇ ಸ್ವಾಮಿ ಈ ಸಾಮತಿ ಹೇಳುತ್ತಾರೆ. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿದುಹಾಕು ಎನ್ನುತ್ತಾನೆ ಯಜಮಾನ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಸುಮ್ಮನೆ ಕಾಯಲು ಕೇಳುವುದಿಲ್ಲ. ಬುಡದ ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಗೋಪುರ ಬಿದ್ದ ಸುದ್ದಿ ಮತ್ತು ಬುಡ ಅಗೆಯುವ ತೋಟಗಾರ, ಎರಡನ್ನೂ ಲೂಕ ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದಾನೆ. ಸಾಮತಿ ಇರುವುದು ನಮ್ಮ ಆತ್ಮದ ಪಶ್ಚಾತ್ತಾಪದ ಬಗ್ಗೆ, ಅದನ್ನು ಕಟ್ಟಡದ ಮೇಲೆ ಎಳೆದು ತರುವುದು ಅತಿಯಾಯಿತು ಎಂದು ಯಾರಾದರೂ ಹೇಳಿದರೆ ನಾವು ವಾದ ಮಾಡುವುದಿಲ್ಲ. ಆದರೂ ಮನಿಲಾದವರು ಸಿಕ್ಕಿದ ಕಾಲಾವಕಾಶವನ್ನು ಬಳಸಿಕೊಂಡ ರೀತಿ ಆ ತೋಟಗಾರನದೇ. 2014ರ ಏಪ್ರಿಲಿನಲ್ಲಿ ಕಾರ್ಡಿನಲ್ ತಾಗ್ಲೆಯವರ ಬಲಿಪೂಜೆಯೊಂದಿಗೆ ಬಾಗಿಲು ತೆರೆಯಿತು. 2015ರ ಜನವರಿ 16ರಂದು ಜಗದ್ಗುರು ಫ್ರಾನ್ಸಿಸರು ಅದೇ ಬಲಿಪೀಠದಲ್ಲಿ ಪೂಜೆ ಅರ್ಪಿಸಿದರು.

ನಮ್ಮ ದೇವಾಲಯಗಳಿಗೆ ಈ ಪಾಠ

ನಮ್ಮ ಧರ್ಮಪ್ರಾಂತ್ಯದ ಹಳ್ಳಿ ಗುಡಿಗಳಲ್ಲಿ ಅಜ್ಜಂದಿರು ಕೈಯಾರೆ ಕಲ್ಲು ಹೊತ್ತು ಕಟ್ಟಿದವು ಇನ್ನೂ ಇವೆ. ಕಲ್ಲು ಮತ್ತು ಮಣ್ಣಿನ ಹಳೆಯ ಗೋಡೆಯ ಮೇಲೆ, ಹೆಂಚು ತೆಗೆದು, ಸಿಮೆಂಟಿನ ಭಾರದ ಚಪ್ಪಡಿ ಹಾಕಿಸುವುದು ಈಗ ಎಲ್ಲೆಡೆ ಕಾಣುತ್ತಿದೆ. ಗೋಡೆ ಹಳೆಯದು, ತಲೆಯ ಭಾರ ಹೊಸದು. ಇದನ್ನು ಮಾಡುವ ಮೊದಲು ಮೇಸ್ತ್ರಿಯ ಮಾತಿನ ಜೊತೆಗೆ ಇಂಜಿನಿಯರರ ಲಿಖಿತ ಅಭಿಪ್ರಾಯವೂ ಇರಲಿ. ಗೋಡೆಗಳು ಕೂಡುವ ಮೂಲೆಯಲ್ಲಿ, ಕಿಟಕಿಯ ಮೇಲ್ತುದಿಯಿಂದ ಓರೆಯಾಗಿ ಹೊರಟ ಬಿರುಕಿಗೆ ಹಬ್ಬದ ಮುನ್ನಾದಿನ ಸುಣ್ಣ ಬಳಿದು ಮುಚ್ಚಬೇಡಿ, ಅದರ ಫೋಟೋ ತೆಗೆದು ತಾರೀಖು ಬರೆದಿಡಿ. ಆರು ತಿಂಗಳ ನಂತರ ಮತ್ತೆ ನೋಡಿದರೆ ಬಿರುಕು ಬೆಳೆಯಿತೋ ಇಲ್ಲವೋ ತಿಳಿಯುತ್ತದೆ. ಗಂಟೆ ತೂಗಿದಾಗ ಗೋಪುರ ಅಲುಗುವುದು ಕೈಗೆ ತಿಳಿಯುತ್ತಿದ್ದರೆ ಗಂಟೆ ಬಾರಿಸುವವರ ಮಾತನ್ನು ಪಾಲನಾ ಸಮಿತಿ ಕೇಳಿಸಿಕೊಳ್ಳಲಿ. ವರ್ಷಗಟ್ಟಲೆ ಬೀಗ ಹಾಕಿ, ಮುಂದೆ ಬೆಂಚು ಜೋಡಿಸಿಟ್ಟ ಪಕ್ಕದ ಬಾಗಿಲುಗಳನ್ನು ತೆರೆದಿಡುವುದಕ್ಕೆ ಯಾವ ಖರ್ಚೂ ಇಲ್ಲ.

ನವೆಂಬರ್ ಮೃತರ ತಿಂಗಳು. ಈ ತಿಂಗಳ ಜಪಮಾಲೆಗಳಲ್ಲಿ ಫಾದರ್ ಪೆಲಾಯೆಸ್ ಹಾಗೂ ಅವರೊಂದಿಗೆ ಸತ್ತವರನ್ನೂ ಕಿಲ್ಲಾರಿಯ ಮೃತರನ್ನೂ ಸ್ಮರಿಸಿಕೊಳ್ಳೋಣ. ಅಧ್ಯಯನ ಕೂಟ ಎಂದಿನಂತೆ ತಿಂಗಳ ಕೊನೆಯ ಭಾನುವಾರ ಕನ್ನಡ ಪೂಜೆಯ ನಂತರ ಇರುತ್ತದೆ. ಲೂಕ 13ನೆಯ ಅಧ್ಯಾಯದ ಮೊದಲ ಒಂಬತ್ತು ವಾಕ್ಯಗಳನ್ನು ಮನೆಯಲ್ಲಿ ಓದಿಕೊಂಡು ಬನ್ನಿ. ಕಿಲ್ಲಾರಿಯ ರಾತ್ರಿಯನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೈಹಿಡಿದು ಕರೆತನ್ನಿ, ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿದ್ದರೆ ಅವರನ್ನೂ. ಕೂಟ ಮುಗಿದ ಮೇಲೆ ದೇವಾಲಯದ ಹೊರಗೋಡೆಯ ಸುತ್ತ ಎಲ್ಲರೂ ಒಂದು ಸುತ್ತು ನಡೆಯುವುದಿದೆ. ಟಾರ್ಚ್ ಮತ್ತು ಅಳತೆ ಟೇಪನ್ನು ನಾವು ತರುತ್ತೇವೆ.